ಕೆಂದಳಿಲು ಮತ್ತು ಕಲ್ಲುಹೂವು

ಘಟ್ಟದ ಕಾಡಿಗೆ ಹೋದವರು ಕೆಂದಳಿಲು ಕಂಡ್ರೆ ಕ್ಯಾಮೆರಾ ತೆಗೀತಾರೆ. ಅದೇ ದಾರಿಯ ಬಂಡೆ ಮೇಲಿರೋ ಬೂದು ಮಚ್ಚೆಗಳನ್ನ ಯಾರೂ ತಿರುಗಿ ನೋಡಲ್ಲ. ಒಂದು ಸದಾ ಓಡಾಡೋ ಪ್ರಾಣಿ, ಇನ್ನೊಂದು ಕೂತಲ್ಲೇ ಕೂರೋ ಜೀವ. ಇವೆರಡಕ್ಕೂ ಎಲ್ಲಿಯ ನೆಂಟಸ್ತಿಕೆ ಅಂತೀರಾ? ಇದೆ. ಎರಡಕ್ಕೂ ನೆಲದ ಮಣ್ಣಿನ ಹಂಗಿಲ್ಲ.

ಕೆಂದಳಿಲು ನಮ್ಮ ಅಂಗಳದ ಮೂರು ಪಟ್ಟೆ ಅಳಿಲಿನ ದೊಡ್ಡಪ್ಪ ಇದ್ದ ಹಾಗೆ. ತೂಕ ಒಂದೂವರೆಯಿಂದ ಎರಡು ಕೆಜಿ, ಬಾಲ ಮೈಗಿಂತ ಉದ್ದ. ಊಟ, ನಿದ್ದೆ, ಸಂಸಾರ ಎಲ್ಲಾ ಮರದ ಮೇಲೇ. ಕೆಳಗಿಳಿಯೋದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸುಮಾರು 20 ಅಡಿ ಹಾರುತ್ತೆ. ಅಪಾಯ ಅನ್ನಿಸಿದ್ರೆ ಎಷ್ಟೋ ಸಲ ಓಡೋದೂ ಇಲ್ಲ, ಕೊಂಬೆಗೆ ಚಪ್ಪಟೆಯಾಗಿ ಅಂಟಿಕೊಂಡುಬಿಡುತ್ತೆ. ಆಗ ಅದೂ ಒಂಥರಾ ಕಲ್ಲುಹೂವೇ!

ಕಲ್ಲುಹೂವು ಅಂದ್ರೆ ಹೂವಲ್ಲ, ಒಂದು ಕೂಡು ಕುಟುಂಬ. ಶಿಲೀಂಧ್ರ ಮನೆ ಕಟ್ಟುತ್ತೆ, ಒಳಗಿರೋ ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ. ಬೇರಿಲ್ಲ. ಮಸಾಲೆಗೆ ಹಾಕೋದೂ ಇದೇ ಬಳಗದ್ದು. ಬೇಸಿಗೇಲಿ ಒಣಗಿ ಸತ್ತ ಹಾಗಿರುತ್ತೆ, ಮಳೆ ಬಿದ್ದ ಕೂಡಲೇ ಎದ್ದು ಕೂರುತ್ತೆ. 2005ರಲ್ಲಿ ಯುರೋಪಿನ ವಿಜ್ಞಾನಿಗಳು ಬಂಡೆ ಮೇಲೆ ಬೆಳೆಯೋ ಎರಡು ಜಾತಿಗಳನ್ನ ಬಾಹ್ಯಾಕಾಶಕ್ಕೆ ಕಳಿಸಿ, ಸುಮಾರು ಹದಿನೈದು ದಿನ ಅಲ್ಲಿ ಬಯಲಿಗೊಡ್ಡಿ ವಾಪಸ್ ತರಿಸಿದ್ರು. ಬದುಕಿದ್ದವು!

ಇಷ್ಟು ಗಟ್ಟಿ ಜೀವಗಳಿಗೆ ಏನಾಗುತ್ತೆ ಬಿಡಿ ಅನ್ನಬೇಡಿ. ಕಾಡಿನ ರಸ್ತೆ ಅಗಲ ಮಾಡೋ ಲೆಕ್ಕ ಹಾಕಿ. ಎರಡು ಲೇನಿನ ರಸ್ತೆಯ ಡಾಂಬರೇ 7 ಮೀಟರ್, ಅಂದ್ರೆ 23 ಅಡಿ. ಅಳಿಲಿನ ಜಿಗಿತ 20. ಮೂರಡಿ ಕಮ್ಮಿ! ಮೇಲೆ ಕೊಂಬೆಗಳು ಕೂಡಿಕೊಂಡಿದ್ರೆ ಸರಿ, ಇಲ್ಲದಿದ್ರೆ ಹಣ್ಣು ಆಚೆ, ಅಳಿಲು ಈಚೆ.

ರಸ್ತೆಬದಿಯ ಬಂಡೆದೂ ಅದೇ ಕಥೆ. ಹಪ್ಪಳದ ಹಾಗೆ ಕಲ್ಲಿಗಂಟಿದ ಜಾತಿಗಳು ಬೆಳೆಯೋದು ಬಲು ನಿಧಾನ. ಅಂಚು ವರ್ಷಕ್ಕೆ ಅರ್ಧ ಮಿಲಿಮೀಟರ್ ಹಿಗ್ಗಿದ್ರೆ, ಎಂಟು ಸೆಂಟಿಮೀಟರ್ ಅಗಲದ ಮಚ್ಚೆಗೆ 80 ವರ್ಷ ಬೇಕು. ನಮ್ಮಜ್ಜನ ವಯಸ್ಸು! ಜೆಸಿಬಿಗೆ ಒಂದು ನಿಮಿಷ ಸಾಕು.

ಕಡಿದಷ್ಟು ಮರಕ್ಕೆ ಬೇರೆ ಕಡೆ ಸಸಿ ನೆಡ್ತೀವಿ ಅಂತಾರೆ. ನೆಡಲಿ, ಒಳ್ಳೇದೇ. ಆದ್ರೆ ಕೊಂಬೆಗೆ ಕೊಂಬೆ ತಾಗೋದನ್ನ, ಕಲ್ಲಿನ ಮೇಲೆ ಕೂತ 80 ವರ್ಷವನ್ನ ಯಾವ ನರ್ಸರಿಯಿಂದ ತರ್ತಾರೆ?

ನಿಮ್ಮೂರ ದಾರೀಲಿ ಕೊಂಬೆಗಳು ಇನ್ನೂ ಕೈ ಹಿಡ್ಕೊಂಡಿರೋ ಜಾಗ ಇದ್ರೆ ಹೇಳಿ. ಹೋದಾಗ ತಲೆ ಎತ್ತಿ ನೋಡಿ, ಹಾಗೇ ಪಕ್ಕದ ಬಂಡೇನೂ.