ದಿಂಬಂ ಘಟ್ಟದ ಹಾದಿಯಲ್ಲಿ ಒಂದು ಹಳದಿ ದೀಪ

ಮಾಗಿಯ ಮುಂಜಾವಿನಲ್ಲಿ ನಾವು ತಾಳವಾಡಿಯಿಂದ ಸತ್ಯಮಂಗಲಕ್ಕೆ ಸಣ್ಣ ಕಾರಿನಲ್ಲಿ ಹೊರಟಿದ್ದೆವು. ಹಾಸನೂರು ಸಮೀಪಿಸುತ್ತಲೇ ಚಾಲಕನೆದುರಿನ ಫಲಕದಲ್ಲಿ ಹಳದಿ ದೀಪವೊಂದು ಬೆಳಗಿತು. ಕುದುರೆಲಾಳದಂತಹ ಆಕೃತಿ, ನಡುವೆ ಉದ್ಗಾರ ಚಿಹ್ನೆ. ಟೈರಿನಲ್ಲಿ ಗಾಳಿ ಕುಗ್ಗಿದೆಯೆಂದು ಅದರ ಸೂಚನೆ.

ಹಿಂದಿನ ದಿನವೂ ಅದು ಬೆಳಗಿತ್ತು. ಚಳಿಯ ಕಾರಣವೆಂದು ಬಗೆದು ಗುಂಡಿಯೊತ್ತಿ ಆರಿಸಿದ್ದೆವು. ಉಷ್ಣತೆ ಸುಮಾರು 6 ಡಿಗ್ರಿ ಇಳಿದರೆ ಒತ್ತಡವೂ ಒಂದು ಪೌಂಡಿನಷ್ಟು ಇಳಿಯುವುದು ನಿಜ. ಆದರೆ ಚಳಿ ನಾಲ್ಕು ಟೈರುಗಳಿಗೂ ಒಂದೇ.

ನಮ್ಮ ಕಾರಿನಲ್ಲಿ ಒತ್ತಡವನ್ನು ನೇರವಾಗಿ ಅಳೆಯುವ ಸಾಧನವಿಲ್ಲ. ಗಾಳಿ ಕುಗ್ಗಿದ ಚಕ್ರ ಉಳಿದವುಗಳಿಗಿಂತ ತುಸು ವೇಗವಾಗಿ ಸುತ್ತುತ್ತದೆ; ಆ ವ್ಯತ್ಯಾಸವನ್ನೇ ಯಂತ್ರ ಗುರುತಿಸುತ್ತದೆ. ಗಾಳಿ ತುಂಬಿಸದೆ ಗುಂಡಿಯೊತ್ತಿದರೆ ಕುಗ್ಗಿದ ಸ್ಥಿತಿಯನ್ನೇ ಸರಿಯೆಂದು ಗ್ರಹಿಸುತ್ತದೆ. ತಪ್ಪು ಲೆಕ್ಕಕ್ಕೆ ನಾವೇ ಸರಿ ಗುರುತು ಹಾಕಿದ್ದೆವು! ಇನ್ನಷ್ಟು ಗಾಳಿ ಸೋರಿದ ಮೇಲೆಯೇ ದೀಪ ಮತ್ತೆ ಬೆಳಗಿದ್ದು.

ಮುಂದಿದ್ದುದು ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳ ಇಳಿಜಾರು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಅರಣ್ಯ. ಅಲ್ಲಿ ಇಳಿದು ಚಕ್ರ ಬದಲಿಸುವ ಸಾಹಸ ಬೇಡವೆಂದು ಹಾಸನೂರಿನಲ್ಲೇ ಪಂಕ್ಚರ್ ಅಂಗಡಿ ತೆರೆಯುವವರೆಗೆ ಕಾದೆವು. ಹಿಂದಿನ ಟೈರಿನಲ್ಲಿ ಮೊಳೆಯೊಂದು ನೆಟ್ಟಿತ್ತು. 33 ಪೌಂಡು ಇರಬೇಕಾದಲ್ಲಿ 20 ಉಳಿದಿತ್ತು.

ಓದುಗರು ಗಮನಿಸಬೇಕು: ದೀಪ ಬೆಳಗಿದರೆ ಮೊದಲು ಅಳತೆ, ಬಳಿಕ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ಗಾಳಿ, ಕೊನೆಗೆ ಗುಂಡಿ. ಕಾರು ಹೊರಡಿಸಿದಾಗ ಕೆಲಕಾಲ ಮಿನುಗಿ ಬಳಿಕ ಸ್ಥಿರವಾಗಿ ಉರಿದರೆ ದೋಷ ಯಂತ್ರದ್ದೇ ಇರಬಹುದು.

ಇಳಿಹೊತ್ತಿಗೆ ಮುಂಚೆಯೇ ಘಟ್ಟವಿಳಿದು ಬಣ್ಣಾರಿಯಮ್ಮನಿಗೆ ಕೈಮುಗಿದೆವು.