ಕೊನೆಗೆ ಮುಟ್ಟಿದ್ದು ಯಾರು?

ಮಕ್ಕಳೇ, ಮನೆಯಲ್ಲಿ ಟಾರ್ಚ್ ಇದ್ದಕ್ಕಿದ್ದಂತೆ ಉರಿಯದೆ ಹೋದರೆ ನೀವು ಏನು ಮಾಡುತ್ತೀರಿ? ಒಮ್ಮೆ ಅಂಗೈಗೆ ಬಡಿಯುತ್ತೀರಿ. ಆಗಲೂ ಉರಿಯದಿದ್ದರೆ ಇನ್ನೂ ಜೋರಾಗಿ ಬಡಿಯುತ್ತೀರಿ. ಆಮೇಲೆ "ಇದನ್ನು ಯಾರು ಮುಟ್ಟಿದ್ದು?" ಎಂದು ತಮ್ಮನನ್ನೋ ತಂಗಿಯನ್ನೋ ಗದರಿಸುತ್ತೀರಿ. ಹೌದು ತಾನೆ?

ನಾನೂ ಒಮ್ಮೆ ಹಾಗೆಯೇ ಮಾಡಿದೆ. ನನ್ನದು ಟಾರ್ಚ್ ಅಲ್ಲ, ಲ್ಯಾಪ್‌ಟಾಪ್. ಅದನ್ನು ಬಡಿಯಲಿಲ್ಲ ನಿಜ. ಆದರೆ ತಪ್ಪು ಎಲ್ಲಿದೆ ಎಂದು ತಿಳಿಯುವ ಮೊದಲೇ ಒಬ್ಬ ಹುಡುಗನ ಕಡೆ ಬೆರಳು ತೋರಿಸಿಬಿಟ್ಟೆ. ಆ ಕಥೆಯನ್ನು ನಿಮಗೆ ಹೇಳಲೇಬೇಕು.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯ ವಿಜ್ಞಾನದ ಮೇಷ್ಟ್ರು. ಒಂದು ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳು ಊರಿನ ಅಜ್ಜಿಯರ ಬಳಿ ಕುಳಿತು ಒಗಟುಗಳನ್ನೂ ರಾಗಿ ಬೀಸುವ ಪದಗಳನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿ ತಂದರು. ಎಲ್ಲವನ್ನೂ ನನ್ನ ಹಳೆಯ ಲ್ಯಾಪ್‌ಟಾಪಿಗೆ ತುಂಬಿಸಿದೆವು. ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿಬಿಟ್ಟೆವು. ಎರಡನೆಯ ಪ್ರತಿ ಮಾಡಿಡಲಿಲ್ಲ. ಇದು ನನ್ನ ಮೊದಲ ತಪ್ಪು.

ಆ ವರ್ಷ ಶ್ರಾವಣದಲ್ಲಿ ಆ ಅಜ್ಜಿಯರಲ್ಲಿ ಒಬ್ಬರು ತೀರಿಕೊಂಡರು. ಅವರ ಮೊಮ್ಮಗ ಏಳನೇ ತರಗತಿಯಲ್ಲಿದ್ದ. ವಾರಕ್ಕೊಮ್ಮೆ ನನ್ನ ಬಳಿ ಬಂದು, "ಸಾರ್, ನಮ್ಮಜ್ಜಿದು ಒಂದ್ಸಲ ಹಾಕ್ತೀರಾ?" ಎಂದು ಕೇಳುತ್ತಿದ್ದ. ಅಜ್ಜಿಯ ದನಿ ಕೇಳಿ, ಏನೂ ಮಾತಾಡದೆ ಎದ್ದು ಹೋಗುತ್ತಿದ್ದ.

ದೂಳಿನ ಕಂಬಳಿ

ಡಿಸೆಂಬರ್ ಬಂತು. ನಮ್ಮ ಕಡೆ ಅದು ರಾಗಿ ಒಕ್ಕಣೆಯ ಕಾಲ. ಊರೆಲ್ಲ ದೂಳು. ಲ್ಯಾಪ್‌ಟಾಪ್ ಅರ್ಧ ಗಂಟೆ ಓಡಿದರೆ ಸಾಕು, ತಳ ಸುಡುವಂತಾಗಿ ತಾನಾಗಿಯೇ ಆರಿಹೋಗತೊಡಗಿತು.

ಹೀಗೇಕೆ? ಲ್ಯಾಪ್‌ಟಾಪಿನ ಒಳಗೆ ಲೆಕ್ಕ ಮಾಡುವ ಪ್ರೊಸೆಸರ್ ಎಂಬ ಚಿಪ್ಪು ಕೆಲಸ ಮಾಡುತ್ತಾ ಬಿಸಿಯಾಗುತ್ತದೆ. ಒಂದು ತಾಮ್ರದ ಕೊಳವೆ ಆ ಶಾಖವನ್ನು ತೆಳು ಲೋಹದ ಹಲ್ಲುಗಳವರೆಗೆ ಒಯ್ಯುತ್ತದೆ. ಚಿಕ್ಕ ಫ್ಯಾನೊಂದು ಅಲ್ಲಿ ಗಾಳಿ ಬೀಸಿ ಶಾಖವನ್ನು ಹೊರಗೆ ಕಳಿಸುತ್ತದೆ. ಹಲ್ಲುಗಳ ನಡುವೆ ದೂಳು ತುಂಬಿದರೆ ಕಂಬಳಿ ಹೊದಿಸಿದಂತೆ! ಶಾಖ ಹೊರಗೆ ಹೋಗುವುದಿಲ್ಲ. ಪ್ರೊಸೆಸರಿನ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಹೋದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತುಬಿಡುತ್ತದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅದನ್ನು ಬಿಚ್ಚಿ ದೂಳು ತೆಗೆಯಲು ಕುಳಿತೆ. ಆ ಹುಡುಗ ಟಾರ್ಚ್ ಹಿಡಿದು ನಿಂತ. ಬಿಚ್ಚಿದ ಸ್ಕ್ರೂಗಳನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಹಾಕುತ್ತಾ ಹೋದ. ಮೊದಲು ಬ್ಯಾಟರಿಯನ್ನು ತೆಗೆದೆ. ಕೀಲಿಮಣೆಯಿರುವ ಮೇಲಿನ ಹಲಗೆಯನ್ನು ಎತ್ತಿ, ಫ್ಯಾನ್ ತೆಗೆದು, ಮೆತ್ತನೆಯ ಬ್ರಷ್ಷಿನಿಂದ ದೂಳನ್ನೆಲ್ಲ ಗುಡಿಸಿದೆ. ಮತ್ತೆ ಎಲ್ಲವನ್ನೂ ಇದ್ದ ಹಾಗೆಯೇ ಜೋಡಿಸಿದೆ. ಹಾಗೆಂದು ಅಂದುಕೊಂಡೆ.

ಗುಂಡಿ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಫ್ಯಾನಿನ ಸದ್ದಿಲ್ಲ, ಪರದೆಯಲ್ಲಿ ಬೆಳಕಿಲ್ಲ.

ನನಗೆ ಮೈ ಬೆವರಿತು. ಅಷ್ಟೂ ಅಜ್ಜಿಯರ ದನಿ ಅದರೊಳಗಿತ್ತು. ಗಾಬರಿಯಲ್ಲಿ ಹುಡುಗನನ್ನು ಕೇಳಿಯೇಬಿಟ್ಟೆ: "ನೀನೇನಾದರೂ ಸ್ಕ್ರೂ ಒಳಗೆ ಬೀಳಿಸಿದೆಯೇನೋ?"

ಅವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಖಾಲಿ ಬೆಂಕಿಪೊಟ್ಟಣವನ್ನು ನನ್ನ ಮುಂದೆ ಇಟ್ಟ. "ಇಲ್ಲ ಸಾರ್. ಬಿಚ್ಚಿದ್ದು ಹದಿಮೂರು, ಹಾಕಿದ್ದು ಹದಿಮೂರು. ನಾನು ಎಣಿಸಿದ್ದೀನಿ."

ನೋಡಿದಿರಾ? ನನ್ನ ಬಳಿ ಇದ್ದದ್ದು ಬರೀ ಅನುಮಾನ. ಅವನ ಬಳಿ ಲೆಕ್ಕವಿತ್ತು!

ಪಂಪ್‌ಸೆಟ್ ಕಲಿಸಿದ ಪಾಠ

ಅವನೇ ಮುಂದುವರಿಸಿದ. "ಸಾರ್, ನಮ್ಮಪ್ಪ ಪಂಪ್‌ಸೆಟ್ ಓಡದೆ ಹೋದರೆ ಮೊದಲೇ ಮೋಟಾರ್ ಬಿಚ್ಚಲ್ಲ. ಕರೆಂಟ್ ಇದೆಯಾ ನೋಡ್ತಾರೆ. ಆಮೇಲೆ ಫ್ಯೂಸು. ಆಮೇಲೆ ಸ್ಟಾರ್ಟರ್. ಮೋಟಾರ್ ನೋಡೋದು ಕೊನೆಗೆ."

ಎಷ್ಟು ಸರಿಯಾದ ಮಾತು! ವಿದ್ಯುತ್ತು ಬರುವ ದಾರಿಯಲ್ಲೇ ನಾವೂ ನಡೆದು ಹೋಗಬೇಕು. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಬೇಕು. ಹುಡುಗ ನೋಟ್ ಪುಸ್ತಕದಲ್ಲಿ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿದ. ಏನು ನೋಡಿದೆವು? ಏನು ಕಂಡಿತು? ಅದರಿಂದ ಏನು ತಿಳಿಯಿತು?

ಮೊದಲನೆಯದು ಗೋಡೆಯ ಸಾಕೆಟ್. ಅದಕ್ಕೆ ಮೊಬೈಲ್ ಚಾರ್ಜರ್ ಸಿಕ್ಕಿಸಿದೆವು. ಮೊಬೈಲ್ ಚಾರ್ಜ್ ಆಯಿತು. ಹಾಗಾದರೆ ಸಾಕೆಟ್ ಸರಿ.

ಎರಡನೆಯದು ಅಡಾಪ್ಟರ್. ಅಂದರೆ ವೈರಿನ ನಡುವೆ ಇರುವ ಕಪ್ಪು ಪೆಟ್ಟಿಗೆ. ಗೋಡೆಯಲ್ಲಿ ಬರುವುದು ಸುಮಾರು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಲ್ಯಾಪ್‌ಟಾಪಿಗೆ ಬೇಕಾದದ್ದು ಕಡಿಮೆ ವೋಲ್ಟಿನ ನೇರ ವಿದ್ಯುತ್ತು. ಅಡಾಪ್ಟರ್ ಆ ಬದಲಾವಣೆ ಮಾಡುತ್ತದೆ. ನಮ್ಮದರ ಮೇಲೆ 19 ವೋಲ್ಟ್ ಎಂದು ಬರೆದಿತ್ತು. ಶಾಲೆಯ ಮಲ್ಟಿಮೀಟರ್ ಹಿಡಿದು ನೋಡಿದೆ. ಮುಳ್ಳು 19ರ ಹತ್ತಿರ ನಿಂತಿತು. ಅಡಾಪ್ಟರ್ ಸರಿ.

ಮೂರನೆಯದನ್ನು ಕಂಡದ್ದು ಹುಡುಗ. "ಸಾರ್, ಪಕ್ಕದ ಚಿಕ್ಕ ದೀಪ ಉರೀತಿದೆ!" ಅದು ಚಾರ್ಜಿಂಗ್ ದೀಪ. ಗಾಬರಿಯಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಎಷ್ಟು ದೊಡ್ಡ ಸುದ್ದಿ ಅದು! ವಿದ್ಯುತ್ತು ಮದರ್‌ಬೋರ್ಡಿನವರೆಗೆ ತಲುಪಿದೆ ಎಂದಾಯಿತು. ಮದರ್‌ಬೋರ್ಡ್ ಎಂದರೆ ಎಲ್ಲ ಭಾಗಗಳೂ ಕೂಡುವ ಮುಖ್ಯ ಹಲಗೆ. ಅಂದರೆ ಯಂತ್ರ ಪೂರ್ತಿ ಸತ್ತಿಲ್ಲ.

ನಾಲ್ಕನೆಯದು, ಉಳಿದ ವಿದ್ಯುದಾವೇಶವನ್ನು ಖಾಲಿ ಮಾಡುವುದು. ಹಲಗೆಯ ಮೇಲೆ ಕೆಪಾಸಿಟರ್ ಎಂಬ ಬಿಡಿಭಾಗಗಳಿರುತ್ತವೆ. ಅವು ಗುಡಾಣದಂತೆ ಸ್ವಲ್ಪ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದರಿಂದ ಕೆಲವೊಮ್ಮೆ ಯಂತ್ರ ಸಿಕ್ಕಿಹಾಕಿಕೊಳ್ಳುವುದುಂಟು. ಅಡಾಪ್ಟರ್ ಮತ್ತು ಬ್ಯಾಟರಿ ಎರಡನ್ನೂ ತೆಗೆದು 30 ಸೆಕೆಂಡು ಗುಂಡಿ ಒತ್ತಿ ಹಿಡಿದೆ. ಮತ್ತೆ ಜೋಡಿಸಿ ನೋಡಿದೆ. ಏನೂ ಆಗಲಿಲ್ಲ.

"ಮೆಮೊರಿ ಪಟ್ಟಿ ತೆಗೆದು ಹಾಕಿ ನೋಡೋಣ" ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಹುಡುಗ ತಡೆದ. "ಅದನ್ನು ನಾವು ಮುಟ್ಟಲೇ ಇಲ್ಲವಲ್ಲ ಸಾರ್. ಬಿಚ್ಚೋಕೆ ಮುಂಚೆ ಓಡ್ತಿತ್ತು. ಹಾಗಾದ್ರೆ ನಾವು ಮುಟ್ಟಿದ್ದರಲ್ಲೇ ತಪ್ಪಿರಬೇಕಲ್ವಾ?"

ನಾವು ಮುಟ್ಟಿದ್ದು ಏನೇನು? ಬ್ಯಾಟರಿ, ಫ್ಯಾನು, ಮೇಲಿನ ಹಲಗೆ. ಬ್ಯಾಟರಿಯನ್ನು ಆಗಲೇ ಎರಡು ಸಲ ಸರಿಯಾಗಿ ಕೂರಿಸಿದ್ದೆವು. ಫ್ಯಾನು ತಿರುಗದಿದ್ದರೂ ಒಂದು ಕ್ಷಣವಾದರೂ ಪರದೆ ಬೆಳಗಬೇಕಿತ್ತು. ಉಳಿದದ್ದು ಮೇಲಿನ ಹಲಗೆ. ಆನ್ ಮಾಡುವ ಗುಂಡಿ ಇರುವುದು ಅದರಲ್ಲೇ!

ಮತ್ತೆ ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, 13 ಸ್ಕ್ರೂ ಬಿಚ್ಚಿದೆವು. ಹುಡುಗ ಟಾರ್ಚ್ ಬಿಟ್ಟ. ಗುಂಡಿಯಿಂದ ಮದರ್‌ಬೋರ್ಡಿಗೆ ಹೋಗುವ ವೈರು ಕಾಗದದ ಪಟ್ಟಿಯಷ್ಟು ತೆಳು. ಅದು ಸೀಳಿನೊಳಗೆ ಕೂರುತ್ತದೆ. ಮೇಲೆ ಉಗುರಿನಗಲದ ಪ್ಲಾಸ್ಟಿಕ್ ಚಿಲಕ. ಪಟ್ಟಿ ಓರೆಯಾಗಿತ್ತು. ಚಿಲಕ ತೆರೆದೇ ಇತ್ತು.

ಅದನ್ನು ಹಾಕಿದ್ದು ಯಾರು? ನಾನು.

ಚಿಕ್ಕ ಗುಂಡಿ, ದೊಡ್ಡ ಕೆಲಸ

ಇಷ್ಟು ತೆಳು ಪಟ್ಟಿ ಸರಿಯಿಲ್ಲದಿದ್ದರೆ ಇಡೀ ಯಂತ್ರ ಏಕೆ ಏಳುವುದಿಲ್ಲ? ಟಾರ್ಚಿನ ಸ್ವಿಚ್ಚಿನಲ್ಲಿ ಬಲ್ಬಿಗೆ ಬೇಕಾದ ವಿದ್ಯುತ್ತೆಲ್ಲ ಹರಿಯುತ್ತದೆ. ಲ್ಯಾಪ್‌ಟಾಪಿನ ಗುಂಡಿ ಹಾಗಲ್ಲ. ಅದು "ಏಳು" ಎಂಬ ಒಂದು ಸಣ್ಣ ಸಂಕೇತವನ್ನು ಮಾತ್ರ ಕಳಿಸುತ್ತದೆ. ಅದನ್ನು ಪಡೆದ ಮೇಲೆ ಹಲಗೆಯ ಮೇಲಿನ ಚಿಪ್ಪು ಉಳಿದ ಭಾಗಗಳಿಗೆ ವಿದ್ಯುತ್ತು ಬಿಡುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲೂ ಹೀಗೆಯೇ. ಹಸಿರು ಗುಂಡಿ ಒತ್ತಿದಾಗ ಒಂದು ಸುರುಳಿಯಲ್ಲಿ ಸ್ವಲ್ಪ ವಿದ್ಯುತ್ತು ಹರಿದು ಅದು ಅಯಸ್ಕಾಂತವಾಗುತ್ತದೆ. ಆ ಅಯಸ್ಕಾಂತ ದೊಡ್ಡ ಸಂಪರ್ಕಗಳನ್ನು ಎಳೆದು ಮುಚ್ಚುತ್ತದೆ. ಮೋಟಾರಿನ ವಿದ್ಯುತ್ತು ಹರಿಯುವುದು ಅವುಗಳ ಮೂಲಕ.

ನಾನು 30 ಸೆಕೆಂಡು ಒತ್ತಿ ಹಿಡಿದ ಪ್ರಯೋಗ ನೆನಪಿದೆಯೇ? ಗುಂಡಿಗೆ ಸಂಪರ್ಕವೇ ಇರಲಿಲ್ಲ. ನಾನು ಒತ್ತಿದ್ದು ಬರೀ ಪ್ಲಾಸ್ಟಿಕ್ಕನ್ನು! ಹುಡುಗ ನಗುತ್ತಾ ಅದನ್ನೂ ನೋಟ್ ಪುಸ್ತಕದಲ್ಲಿ ಬರೆದ.

ಹೀಗೆ ಬರೆದಿಡುವುದು ಎಷ್ಟು ಬೆಲೆಯುಳ್ಳದ್ದು ಗೊತ್ತೇ? 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕಯಂತ್ರದಲ್ಲಿ ದೋಷ ಕಾಣಿಸಿತು. ಅದರಲ್ಲಿ ವಿದ್ಯುತ್ತಿನಿಂದ ಮುಚ್ಚಿ ತೆರೆಯುವ ರಿಲೇ ಎಂಬ ಸ್ವಿಚ್ಚುಗಳಿದ್ದವು. ಹುಡುಕಿದಾಗ ಎಫ್ ಫಲಕದ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು! ಕೆಲಸಗಾರರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ಸಿಕ್ಕ ಹೊತ್ತನ್ನೂ ಜಾಗವನ್ನೂ ಬರೆದಿಟ್ಟರು. ಆ ತಂಡದಲ್ಲಿದ್ದ ಗಣಿತಜ್ಞೆ ಗ್ರೇಸ್ ಹಾಪರ್ ಈ ಕಥೆಯನ್ನು ಮುಂದೆ ಎಲ್ಲರಿಗೂ ಹೇಳಿದರು. ಯಂತ್ರದ ದೋಷಕ್ಕೆ "ಬಗ್" ಅಂದರೆ ಹುಳು ಎನ್ನುವ ರೂಢಿ ಅದಕ್ಕಿಂತ ಹಳೆಯದು. ಆ ದಿನ ಸಿಕ್ಕಿದ್ದು ಮಾತ್ರ ನಿಜವಾದ ಹುಳು!

ನಮ್ಮ ಶಾಲೆಗೆ ಬರೋಣ. ಪಟ್ಟಿಯನ್ನು ನೇರವಾಗಿ ಕೂರಿಸಿ ಚಿಲಕ ಹಾಕಿ, ಬ್ಯಾಟರಿ ಜೋಡಿಸಿದೆ. "ಈ ಸಲ ನೀನು ಒತ್ತು" ಎಂದೆ. ಅವನು ಒತ್ತಿದ. ಫ್ಯಾನು ಸುಯ್ ಎಂದಿತು. ಪರದೆ ಬೆಳಗಿತು.

"ತಪ್ಪು ನನ್ನದಾಗಿತ್ತು ಕಣೋ. ನಿನ್ನನ್ನು ಅನುಮಾನಿಸಿದ್ದು ಅದಕ್ಕಿಂತ ದೊಡ್ಡ ತಪ್ಪು" ಎಂದೆ. ಅವನು ತಲೆ ಬಗ್ಗಿಸಿ, "ಅಜ್ಜಿದು ಹಾಕಿ ಸಾರ್" ಎಂದ. ಇಬ್ಬರೂ ಕೇಳಿದೆವು. ಅಂದು ಸಂಜೆಯೇ ಎಲ್ಲ ದನಿಗಳನ್ನೂ ಎರಡು ಪೆನ್ ಡ್ರೈವ್‌ಗಳಿಗೆ ನಕಲು ಮಾಡಿದೆವು. ಒಂದು ಶಾಲೆಯ ಬೀರುವಿನಲ್ಲಿದೆ. ಇನ್ನೊಂದು ಅವನ ಮನೆಯಲ್ಲಿದೆ.

ಎಚ್ಚರಿಕೆ: ಅಡಾಪ್ಟರನ್ನು ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ; ಬೆಂಕಿ ಹೊತ್ತಿಕೊಳ್ಳಬಹುದು. ಕೂಡಲೇ ದೊಡ್ಡವರಿಗೆ ತಿಳಿಸಿ.

ಮಾಡಿ ನೋಡಿ: ಒಂದು ಸೆಲ್ ಟಾರ್ಚ್ ತೆಗೆದುಕೊಳ್ಳಿ. ಗೆಳೆಯನಿಗೆ ಕಾಣದಂತೆ ಅದರಲ್ಲಿ ಒಂದೇ ಒಂದು ದೋಷ ಮಾಡಿ. ಒಂದು ಸೆಲ್ಲನ್ನು ತಿರುಗಿಸಿ ಹಾಕಬಹುದು. ಸೆಲ್ಲಿನ ತುದಿಗೆ ಚಿಕ್ಕ ಕಾಗದದ ಚೂರು ಅಂಟಿಸಬಹುದು. ಬಡಿಯದೆ, ಒಂದೊಂದೇ ಭಾಗ ಪರೀಕ್ಷಿಸಿ ಅವನು ದೋಷ ಹುಡುಕಲಿ. ಮೂರು ಅಂಕಣಗಳಲ್ಲಿ ಬರೆಯಲಿ. ಆಮೇಲೆ ನಿಮ್ಮ ಸರದಿ. ಎಷ್ಟು ಹೆಜ್ಜೆಗಳಲ್ಲಿ ಕಂಡುಹಿಡಿದಿರಿ?