ಮೆಂತೆ ಗಂಜಿ

ಸಹರಿಗೆ ಉಮ್ಮ ಮೆಂತೆ ಗಂಜಿ ಬಡಿಸಿದರೆ ನನಗೆ ಅಳುವೇ ಬರುತ್ತಿತ್ತು. ಕಡಬ ಆಗ ಪುತ್ತೂರು ತಾಲೂಕಿಗೆ ಸೇರಿದ ಪುಟ್ಟ ಪೇಟೆ. ಮನೆಯಲ್ಲಿ ಎಂಟು ಹೊಟ್ಟೆ, ಪಾತ್ರೆಗೆ ಬೀಳುವುದು ಅರ್ಧ ಸೇರು ಕುಚ್ಚಲಕ್ಕಿ. ನೆನೆಹಾಕಿದ ಮೆಂತೆ ಬೆಂದು ತೆಂಗಿನಹಾಲಿನೊಂದಿಗೆ ಸೇರಿದರೆ ಗಂಜಿ ಲೋಳೆಲೋಳೆಯಾಗುತ್ತಿತ್ತು. "ಕಹಿ ಅಂತ ಬಿಟ್ಟರೆ ಅಸರ್ ಬಾಂಗ್‌ಗೆ ಮೊದಲೇ ಹೊಟ್ಟೆ ಕೂಗುತ್ತದೆ" ಎನ್ನುತ್ತಿದ್ದಳು ಉಮ್ಮ. ಉರ್ದು ಶಾಲೆಯ ಬೆಂಚಿನಲ್ಲಿ ಕುಳಿತಾಗ ನನ್ನ ಹೊಟ್ಟೆ ನಿಜಕ್ಕೂ ಸುಮ್ಮನಿರುತ್ತಿತ್ತು. ಆಕೆಯ ಪಾಲಿಗೆ ಪಾತ್ರೆಯ ತಳ ಬಳಿದದ್ದು.

ಮದುವೆಯಾಗಿ ಸುಳ್ಯಕ್ಕೆ ಬಂದ ಮೇಲೆ ಸಹರಿಗೆ ಮೈದಾ ಪರೋಟ, ಕೋಳಿ ಸಾರು. ಮಧ್ಯಾಹ್ನದ ನಮಾಝಿನ ಹೊತ್ತಿಗೇ ಹಸಿವು. ವಯಸ್ಸಾಯಿತು ಎಂದುಕೊಂಡೆ. ಕಳೆದ ವರ್ಷ ಪುತ್ತೂರಿನಲ್ಲಿ ರಕ್ತ ಪರೀಕ್ಷಿಸಿದಾಗ ಕೊಲೆಸ್ಟರಾಲ್ 248. ನಾರಿನ ಅಂಶ ಹೆಚ್ಚಿಸಿ ಎಂದ ವೈದ್ಯರು ಪಟ್ಟಿ ಬರೆದುಕೊಟ್ಟರು: ಹುರುಳಿ, ಬೆಂಡೆ, ಓಟ್ಸ್, ಮೆಂತೆ. ಕೊನೆಯದನ್ನು ಓದಿ ನಗು ಬಂತು.

ನಾನು ದ್ವೇಷಿಸಿದ ಆ ಲೋಳೆಯಲ್ಲೇ ಗುಟ್ಟಿದೆ. ಮೆಂತೆಯ ನಾರಿನ ಒಂದು ಪಾಲು ನೀರು ಹೀರಿ ಲೋಳೆಯಾಗುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುತ್ತದೆ. ಕರುಳಿನಲ್ಲಿ ಅದೇ ಲೋಳೆ, ಕೊಬ್ಬು ಕರಗಿಸಲು ಬೇಕಾದ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸದನ್ನು ತಯಾರಿಸಲು ಪಿತ್ತಜನಕಾಂಗ ರಕ್ತದಲ್ಲಿರುವ ಕೊಲೆಸ್ಟರಾಲನ್ನೇ ಎಳೆದುಕೊಳ್ಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆಂತೆ ತಿಂದ ಮಧುಮೇಹಿಗಳ ಸಕ್ಕರೆಯೂ ಕೊಲೆಸ್ಟರಾಲೂ ಇಳಿದಿತ್ತು. ಆದರೆ ಅವರು ಕೊಟ್ಟದ್ದು ದಿನಕ್ಕೆ 100 ಗ್ರಾಂ, ಅದೂ ಎಣ್ಣೆ ತೆಗೆದ ಪುಡಿ. ನಮ್ಮ ಗಂಜಿಯಲ್ಲಿ ಇರುವುದು ಎರಡು ಚಮಚ.

ನಮ್ಮ ಮನೆಯವರಂತೂ ಬಿರಿಯಾನಿ ಉಂಡು, ಮೇಲೊಂದು ಲೋಟ ಇಸಬ್‌ಗೋಲ್ ಕುಡಿದು "ತುಪ್ಪವೆಲ್ಲ ತೊಳೆದುಹೋಯಿತು" ಎನ್ನುತ್ತಾರೆ. ಹೋಗುವುದು ತೀರಾ ಸ್ವಲ್ಪ ಕೊಬ್ಬು. ಉಳಿದದ್ದು ಮೈಗೇ ಸೇರುತ್ತದೆ ಎಂದರೆ ಕೇಳಬೇಕಲ್ಲ!

ಮೂರು ತಿಂಗಳಲ್ಲಿ ನನ್ನದು 226ಕ್ಕೆ ಇಳಿಯಿತು. ಗಂಜಿಯಿಂದಲೋ, ಪರೋಟ ಬಿಟ್ಟದ್ದರಿಂದಲೋ, ವೈದ್ಯರೂ ಹೇಳಲಿಲ್ಲ. ಉಮ್ಮನ ಲೆಕ್ಕದಲ್ಲಿ ಕೊಲೆಸ್ಟರಾಲ್ ಇರಲಿಲ್ಲ. ಅರ್ಧ ಸೇರು ಅಕ್ಕಿಯಲ್ಲಿ ಎಂಟು ಮಂದಿಯ ಹಸಿವನ್ನು ಸಂಜೆಯವರೆಗೆ ಮುಂದೂಡುವುದಿತ್ತು. ಅದನ್ನೇ ನಾನೀಗ ಹೆಚ್ಚು ತಿಂದದ್ದಕ್ಕೆ ಔಷಧಿಯಾಗಿ ಕುಡಿಯುತ್ತೇನೆ, ಸ್ವಲ್ಪ ನಾಚಿಕೆಯಿಂದ.

ಈ ರಂಜಾನಿನಲ್ಲಿ ಮೆಂತೆ ಗಂಜಿ ಬೇಯಿಸಿದಾಗ ಮಗಳು ಮುಖ ಸಿಂಡರಿಸಿದಳು. ಉಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಬೆಲ್ಲ ಹಾಕಿದೆಯಾ?" ಎಂದು ಕೇಳಿದಳು. "ಅದಕ್ಕೆ ಬೆಲ್ಲ ಹಾಕಬೇಕು. ನಿಮಗೆ ಹಾಕೋಣವೆಂದರೆ ಆಗ ಇರಲಿಲ್ಲ."